ಹಾವಿನ ಗೂಡಿಗೆ ಮನೆಯಲ್ಲೇ ಹ್ಯೂಮಿಡಿಫೈಯರ್ (ಗಾಳಿಗೆ ತೇವ ಸೇರಿಸುವ ಸಾಧನ) ಮಾಡುವುದು ಹೇಗೆ?

ಮೀನಿನ ತೊಟ್ಟಿಗೆ ಹಾಕುವ ಏರ್ ಪಂಪ್, ಮುಚ್ಚಳವಿರುವ ಒಂದು ಡಬ್ಬಿ, ಎರಡು ಕೊಳವೆ ಇದ್ದರೆ ಸಾಕು. ಮುಚ್ಚಳಕ್ಕೆ ಎರಡು ತೂತು ಕೊರೆದು ಡಬ್ಬಿಗೆ ಮುಕ್ಕಾಲು ನೀರು ತುಂಬಿ. ಪಂಪಿನ ಕೊಳವೆಯ ತುದಿಗೆ ಏರ್‌ಸ್ಟೋನ್ (ಗಾಳಿಯನ್ನು ಸಣ್ಣ ಗುಳ್ಳೆಗಳಾಗಿಸುವ ರಂಧ್ರಗಲ್ಲು) ಸಿಕ್ಕಿಸಿ ತಳಕ್ಕೆ ಇಳಿಬಿಡಿ. ಇನ್ನೊಂದು ಕೊಳವೆ ನೀರಿಗೆ ತಾಗದೆ ಮೇಲಿಂದಲೇ ಗೂಡಿಗೆ ಹೋಗಲಿ. ಗುಳ್ಳೆ ಮೇಲೇಳುತ್ತಾ ಅದರೊಳಗಿನ ಒಣಗಾಳಿ ನೀರಾವಿಯನ್ನು ಹೀರಿಕೊಳ್ಳುತ್ತದೆ. ಗುಳ್ಳೆ ಸಣ್ಣದಾದಷ್ಟೂ ಗಾಳಿ-ನೀರು ತಾಗುವ ಜಾಗ ಹೆಚ್ಚು, ತೇವವೂ ಹೆಚ್ಚು.

ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವಾದರೆ ಕರೆಂಟ್ ಹೋದಾಗ ನೀರು ಅದರೊಳಕ್ಕೇ ಹಿಂದಿರುಗುತ್ತದೆ.

ನಿಮ್ಮದು ಬಾಲ್ ಪೈಥಾನ್ (ಹೆಬ್ಬಾವಿನ ಒಂದು ಜಾತಿ) ಆದರೆ ತೇವಾಂಶ ಶೇ. 60ರ ಆಸುಪಾಸು ಇರಲಿ, ಪೊರೆ ಬಿಡುವ ದಿನಗಳಲ್ಲಿ 70. ಅಂದಾಜು ಬೇಡ, ತೇವಮಾಪಕ ಇಟ್ಟು ನೋಡಿ. ದಯವಿಟ್ಟು ಗೂಡಿನ ಗಾಳಿಕಿಂಡಿಗಳನ್ನು ಮಾತ್ರ ಮುಚ್ಚಬೇಡಿ: ಗಾಳಿಯಾಡದೆ ನೆಲ ಒದ್ದೆಯಾಗಿಯೇ ಉಳಿದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ, ಶ್ವಾಸಕೋಶಕ್ಕೂ ಸೋಂಕು ಹತ್ತಬಹುದು.

ತೇವ ಸಾಕಾಯಿತೇ ಎಂದು ಹಾವೇ ಹೇಳುತ್ತದೆ. ಬಿಟ್ಟ ಪೊರೆಯ ತಲೆಭಾಗವನ್ನು ಬೆಳಕಿಗೆ ಹಿಡಿಯಿರಿ. ಕಣ್ಣಿನ ಜಾಗದಲ್ಲಿ ಎರಡು ದುಂಡನೆಯ ಪಾರದರ್ಶಕ ಬಿಲ್ಲೆಗಳು ಕಾಣಬೇಕು.