ಇಟಲಿಯಲ್ಲಿ ಮಾತು ನಿಂತುಹೋದ ಯುವಕ: ಒಂದು ಆಪ್ತಸಲಹೆ ಪ್ರಕರಣ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಶಿವಮೊಗ್ಗದ ನನ್ನ ಕೊಠಡಿಗೆ ಮೊದಲು ಬಂದವರು ಯುವಕನ ತಾಯಿ. ಮಲೆನಾಡಿನ ಅಡಿಕೆ ತೋಟದ ಮನೆಯವರು. ಮನೆಮಾತು ಕೊಂಕಣಿ, ಕಥೋಲಿಕ ಕ್ರೈಸ್ತರು. ಅದು ಡಿಸೆಂಬರ್, ಕೊಯ್ಲಿನ ಕಾಲ. ಬೆಳಕು ಹರಿಯುವ ಮುನ್ನವೇ ಎದ್ದು ಅಡಿಕೆ ಬೇಯಿಸುವ ಹಂಡೆಗೆ ಬೆಂಕಿ ಹಾಕಬೇಕಾದ ಆಕೆ, ರಾತ್ರಿ ಎರಡು ಗಂಟೆಗೆ ಮೊದಲು ಮಲಗದೆ ಎರಡು ತಿಂಗಳಾಯಿತು ಎಂದರು. ಇಟಲಿಯಲ್ಲಿರುವ ಮಗ ಅಲ್ಲಿನ ರಾತ್ರಿ ಊಟ ಮುಗಿಸಿ ಎಂಟೂವರೆಗೆ ಕರೆ ಮಾಡುವ ಹೊತ್ತಿಗೆ ಇಲ್ಲಿ ಒಂದು ಗಂಟೆಯಾಗಿರುತ್ತದೆ. "ಏನೂ ಹೇಳಲ್ಲ ಮೇಡಂ, ಎಲ್ಲ ಚೆನ್ನಾಗಿದೆ ಅಂತಾನೆ. ಆದ್ರೆ ಫೋನ್ ಇಡೋಕೆ ಬಿಡಲ್ಲ" ಎಂದರು.

ಮುಂದಿನ ವಾರದಿಂದ ಯುವಕನೊಡನೆ ವಿಡಿಯೊ ಕರೆಯಲ್ಲಿ ಮಾತನಾಡತೊಡಗಿದೆ. ವಯಸ್ಸು 26. ಗುರುಮಠದಲ್ಲಿ, ಅಂದರೆ ಪಾದ್ರಿಗಳಾಗುವವರ ತರಬೇತಿ ಸಂಸ್ಥೆಯಲ್ಲಿ, ತತ್ತ್ವಶಾಸ್ತ್ರದ ಅಭ್ಯಾಸ ಮುಗಿಸಿ, ಮಿಷನರಿಯಾಗುವ ತರಬೇತಿಗಾಗಿ ಸೆಪ್ಟೆಂಬರ್‌ನಲ್ಲಿ ಇಟಲಿಗೆ ಹೋಗಿದ್ದ. ಮೊದಲ ವರ್ಷ ಇಟಾಲಿಯನ್ ಕಲಿತು, ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ದೈವಶಾಸ್ತ್ರದ ತರಗತಿ ಸೇರಬೇಕು. ಊರಿನ ಧರ್ಮಕೇಂದ್ರದಲ್ಲಿ (ಚರ್ಚಿನಲ್ಲಿ) ಈತ ಮಾತಿಗೆ ಹೆಸರಾದವನು. ಕನ್ನಡದಲ್ಲಿ ಪ್ರಸಂಗ, ಅಂದರೆ ಧರ್ಮೋಪದೇಶ, ಮಾಡಿದರೆ ಹಿರಿಯರೂ ಕಿವಿಗೊಟ್ಟು ಕೇಳುತ್ತಿದ್ದರಂತೆ. ಈಗ ಆತ ಹೇಳಿದ್ದು: "ಊಟದ ಮೇಜಿನಲ್ಲಿ ಎಲ್ಲರೂ ನಗುತ್ತಾರೆ ಮೇಡಂ. ನಾನು ಒಂದು ಕ್ಷಣ ತಡವಾಗಿ ನಗುತ್ತೇನೆ, ಯಾಕೆ ಅಂತ ಗೊತ್ತಿಲ್ಲದೆ. ಪಾಪನಿವೇದನೆಗೆ ಹೋದರೆ ಮಾಡಿದ ತಪ್ಪಿಗೂ ನನ್ನ ಹತ್ತಿರ ಶಬ್ದ ಇಲ್ಲ. ದೇವರು ನನ್ನನ್ನು ಕರೆದೇ ಇರಲಿಲ್ಲವೇನೋ."

ಮೊದಲು ನಿದ್ರೆ, ಹಸಿವು, ತೂಕ ಇವುಗಳನ್ನು ವಿಚಾರಿಸಿದೆ. ಬದುಕು ಬೇಡವೆನಿಸಿದೆಯೇ ಎಂದೂ ನೇರವಾಗಿಯೇ ಕೇಳಿದೆ. ಈ ಪ್ರಶ್ನೆಯನ್ನು ಸಂಕೋಚದಿಂದ ಬಿಟ್ಟುಬಿಡಬಾರದು. ಹಾಗೆನಿಸಿದ್ದರೆ ಅಂದೇ ಅಲ್ಲಿನ ಮುಖ್ಯಸ್ಥರನ್ನೂ ವೈದ್ಯರನ್ನೂ ಸೇರಿಸಿಕೊಳ್ಳಬೇಕಾಗಿತ್ತು. ಅಂಥದ್ದೇನೂ ಇರಲಿಲ್ಲ. ಊಟ ಸರಿಯಿತ್ತು, ನಿದ್ರೆ ಮಾತ್ರ ಕೆಟ್ಟಿತ್ತು. ಹೊರನಾಡಿಗೆ ಹೋದವರಲ್ಲಿ ಮೊದಲ ಬೆರಗು ಇಳಿದ ಮೇಲೆ ಬರುವ ಇಂಥ ಕಂಗಾಲು ಸ್ಥಿತಿಯನ್ನು ಮಾನವಶಾಸ್ತ್ರಜ್ಞ ಕಾಲೆರ್ವೊ ಓಬರ್ಗ್ 1960ರಲ್ಲೇ ವಿವರಿಸಿದ್ದಾರೆ. ಚೇತರಿಕೆಯೂ ಹೊಂದಿಕೆಯೂ ಅದರ ನಂತರದ ಹಂತಗಳು. ಆದರೆ ಈತನ ದುಃಖಕ್ಕೆ ಇನ್ನೂ ಒಂದು ಕಾರಣವಿದೆ ಎಂದು ನನಗೆ ತೋರಿತು. ಮಾತಿನಿಂದಲೇ ತನ್ನನ್ನು ಗುರುತಿಸಿಕೊಂಡಿದ್ದವನ ಮಾತನ್ನೇ ಕಿತ್ತುಕೊಂಡಂತಾಗಿತ್ತು. ಆ ನಷ್ಟವನ್ನು ಆತ ದೈವಕರೆಯ, ಅಂದರೆ ತನ್ನ ಸೇವೆಗೆ ಬಾ ಎಂಬ ದೇವರ ಕರೆಯ, ನಷ್ಟವೆಂದು ಓದಿಕೊಳ್ಳುತ್ತಿದ್ದ.

ಮನೆಯವರು ಧೈರ್ಯ ತುಂಬಲು ಹೋಗಿ ಭಾರ ಹೆಚ್ಚಿಸಿದ್ದರು. ಶಾಲಾ ಶಿಕ್ಷಕರಾದ ಸೋದರಮಾವ ಮತ್ತೆ ಮತ್ತೆ ಕಿಟೆಲ್ ಅವರ ಉದಾಹರಣೆ ಕೊಡುತ್ತಿದ್ದರಂತೆ: ಜರ್ಮನಿಯಿಂದ ಬಂದು ಕನ್ನಡಕ್ಕೆ ನಿಘಂಟನ್ನೇ ಕೊಟ್ಟರು, ನಿನಗೇನು ಕಷ್ಟ ಎಂದು. ಬಳಲಿದವನ ಮುಂದೆ ಶಿಖರವನ್ನು ತೋರಿಸುವುದು ಸಾಂತ್ವನವಲ್ಲ. ಕಿಟೆಲ್ ಇಲ್ಲಿಗೆ ಬಂದದ್ದು 1853ರಲ್ಲಿ, ನಿಘಂಟು ಹೊರಬಂದದ್ದು 1894ರಲ್ಲಿ. ನಡುವಿನ 41 ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ, ನಿಮ್ಮದು ಇನ್ನೂ ಮೂರು ತಿಂಗಳು ಎಂದಷ್ಟೇ ಹೇಳಿದೆ.

ದಾರಿ ತೋರಿದ್ದು ತಾಯಿ ನೆನಪಿಸಿಕೊಂಡ ಒಂದು ಸಂಗತಿ. ಕೊಂಕಣಿ ಮಾತ್ರ ಬರುತ್ತಿದ್ದ ಈ ಮಗುವನ್ನು ಮಳೆಗಾಲದಲ್ಲಿ ಅಂಗನವಾಡಿಗೆ ಸೇರಿಸಿದಾಗ ದೀಪಾವಳಿಯವರೆಗೂ ಅಲ್ಲಿ ಬಾಯಿಬಿಡಲಿಲ್ಲವಂತೆ. ಮಗು ಮೂಕನೇ ಎಂದು ಅಲ್ಲಿನ ಅಕ್ಕ ಕೇಳಿದ್ದರಂತೆ. ಆಮೇಲೆ ಒಂದು ದಿನ "ನಂಗೆ ಇನ್ನೊಂಚೂರು ಉಪ್ಪಿಟ್ಟು ಬೇಕು" ಎಂದು ಇಡೀ ವಾಕ್ಯವನ್ನೇ ಆಡಿದ. ಹೊಸ ಭಾಷೆಯ ನಡುವೆ ಬಿದ್ದ ಮಕ್ಕಳಲ್ಲಿ ಇಂಥ ಮೌನದ ಅವಧಿ ಕಂಡುಬರುವುದನ್ನು ಭಾಷಾತಜ್ಞರು ಗುರುತಿಸಿದ್ದಾರೆ. ಹೊರಗೆ ಮಾತಿಲ್ಲದಿದ್ದರೂ ಒಳಗೆ ಗ್ರಹಿಕೆ ನಡೆದಿರುತ್ತದೆ. ಇದನ್ನು ಕೇಳಿದಾಗ ಆತ ಬಹಳ ಹೊತ್ತು ಸುಮ್ಮನಿದ್ದ. ತಾನು ಪ್ರಸಂಗ ಮಾಡುತ್ತಿದ್ದ ಕನ್ನಡವೂ ಒಮ್ಮೆ ಹೊರಗಿನ ಭಾಷೆಯಾಗಿತ್ತು ಎಂಬುದನ್ನು ಆತ ಮರೆತೇಬಿಟ್ಟಿದ್ದ.

ನಿಮ್ಮಲ್ಲಿ ಈಗಾಗಲೇ ಇರುವ ಭಾಷೆಗಳು ಇಟಾಲಿಯನ್‌ಗೆ ಏನನ್ನು ಕೊಡಬಲ್ಲವು ಎಂದು ಬರೆದುಕೊಂಡು ಬರಲು ಹೇಳಿದೆ. ಆತ ತಂದ ಉತ್ತರ ನನಗೂ ಪಾಠವಾಯಿತು. ನಿರ್ಜೀವ ವಸ್ತುಗಳಿಗೂ ಲಿಂಗವಿರುವುದು ತರಗತಿಯಲ್ಲಿ ಆತನನ್ನು ಹೆಚ್ಚು ಕಾಡಿತ್ತು. ಅಲ್ಲಿ ಮೇಜು ಗಂಡು, ಕುರ್ಚಿ ಹೆಣ್ಣು, ಕನ್ನಡದಲ್ಲಾದರೋ ಎರಡೂ 'ಅದು'. ಆದರೆ ಕೊಂಕಣಿಯಲ್ಲಿ ರೂಕ್, ಅಂದರೆ ಮರ, ಗಂಡು. ವಾಟ್, ಅಂದರೆ ದಾರಿ, ಹೆಣ್ಣು. ಈ ಅಭ್ಯಾಸ ಹುಟ್ಟಿನಿಂದ ಆತನ ನಾಲಿಗೆಯಲ್ಲೇ ಇತ್ತು. ಕನ್ನಡದ ಕೊಡುಗೆ ಒತ್ತಕ್ಷರ: ಇಟಾಲಿಯನ್‌ನಲ್ಲಿ ಪಾಲ ಎಂದರೆ ಸಲಿಕೆ, ಪಲ್ಲ ಎಂದರೆ ಚೆಂಡು, ಕನ್ನಡಿಗರ ಕಿವಿ ಈ ಭೇದವನ್ನು ಸುಲಭವಾಗಿ ಹಿಡಿಯುತ್ತದೆ. ಇಂಗ್ಲಿಷಿನ ರೂಢಿಯಿಂದ ಆತ ಟ, ಡ ಎನ್ನುತ್ತಿದ್ದ ಕಡೆಗಳಲ್ಲಿ ನಮ್ಮ ತ, ದ ಸಾಕಾಗಿತ್ತು.

ಕೊಟ್ಟ ಸಲಹೆಗಳಲ್ಲಿ ಮುಖ್ಯವಾದದ್ದು, ಪರೀಕ್ಷೆ ಮುಗಿಯುವ ತನಕ ದೈವಕರೆಯ ಬಗ್ಗೆ ಯಾವ ತೀರ್ಮಾನವನ್ನೂ ಮಾಡಬಾರದು ಎಂಬುದು. ನಾನು ಆ ಧರ್ಮದವಳಲ್ಲವಾದ್ದರಿಂದ, ನಿಮ್ಮ ಪರಂಪರೆ ಇದಕ್ಕೆ ಏನನ್ನುತ್ತದೆ ಎಂದು ಆತನನ್ನೇ ಕೇಳಿದೆ. ಮನಸ್ಸು ಬರಡಾದ ಕಾಲದಲ್ಲಿ ಹಿಂದೆ ಮಾಡಿದ ನಿರ್ಧಾರವನ್ನು ಬದಲಿಸಬಾರದೆಂದು ಲೊಯೋಲದ ಸಂತ ಇಗ್ನೇಷಿಯಸ್ ಬೋಧಿಸಿದ್ದನ್ನು ಆತನೇ ನೆನಪಿಸಿಕೊಂಡ. ಆ ಸಂತರು 1524ರಲ್ಲಿ, ಸುಮಾರು 33ನೆಯ ವಯಸ್ಸಿನಲ್ಲಿ, ಬಾರ್ಸಿಲೋನಾದಲ್ಲಿ ಚಿಕ್ಕ ಹುಡುಗರ ನಡುವೆ ಕುಳಿತು ಲ್ಯಾಟಿನ್ ಕಲಿಯಲು ಆರಂಭಿಸಿದ್ದನ್ನೂ ಹೇಳಿ, ಮೊದಲ ಬಾರಿಗೆ ಸ್ವಲ್ಪ ನಕ್ಕ.

ಭಾಷೆ ಬೇಗ ಬರಲೆಂದು ಯಾರೋ ಖಾಸಗಿ ಪ್ರಾರ್ಥನೆಯನ್ನೂ ಇಟಾಲಿಯನ್‌ನಲ್ಲೇ ಮಾಡಲು ಹೇಳಿದ್ದರಂತೆ, ಈತ ಅದನ್ನು ಪಾಲಿಸಿದ್ದ. ಸದುದ್ದೇಶದ ಮಾತೇ ಇರಬಹುದು, ಆದರೆ ನಾನು ಅದನ್ನು ಒಪ್ಪಲಿಲ್ಲ. ದಿನವಿಡೀ ತಡವರಿಸುವವನಿಗೆ ತಡವರಿಸದೆ ನಿಲ್ಲಲು ಒಂದು ಜಾಗ ಬೇಕು. ಜಪಸರವನ್ನು ತಾಯಿ ಕಲಿಸಿದ ಕೊಂಕಣಿಯಲ್ಲೇ ಹೇಳಿಕೊಳ್ಳಿ ಎಂದೆ.

ಮಾತನಾಡುವ ಅಭ್ಯಾಸಕ್ಕೆ ಊಟದ ಮೇಜಿಗಿಂತ ಅಡುಗೆಮನೆ ಮೇಲು ಎಂದು ಸೂಚಿಸಿದೆ. ಅಡಿಕೆ ಸುಲಿಯುವ ಜಾಗವನ್ನು ಬಲ್ಲ ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಕೈಗೆ ಕೆಲಸವಿದ್ದಾಗ ಮೌನ ಯಾರಿಗೂ ಕಾಣುವುದಿಲ್ಲ, ಮಾತು ಬಂದರೆ ಬರುತ್ತದೆ. ಆತ ವಾರದಲ್ಲಿ ಮೂರು ದಿನ ಅಲ್ಲಿನ ವಯಸ್ಸಾದ ಅಡುಗೆಯವರೊಂದಿಗೆ ತರಕಾರಿ ಹೆಚ್ಚತೊಡಗಿದ. ಮನೆಯ ಕರೆಯನ್ನು ನಿಲ್ಲಿಸಲು ಹೇಳಲಿಲ್ಲ, ಅಲ್ಲಿನ ಸಂಜೆ ನಾಲ್ಕೂವರೆಗೆ, ಇಲ್ಲಿನ ರಾತ್ರಿ ಒಂಬತ್ತಕ್ಕೆ, ಇಪ್ಪತ್ತು ನಿಮಿಷಕ್ಕೆ ಹೊಂದಿಸಿದೆವು. ಪ್ರತಿ ಕರೆಯಲ್ಲೂ ಅಂದಿನ ಒಂದು ಕಷ್ಟವನ್ನು ಮುಚ್ಚಿಡದೆ ಹೇಳಬೇಕೆಂಬ ಕರಾರಿನೊಂದಿಗೆ. ಮುಖ್ಯಸ್ಥರಿಗೆ ವಿಷಯ ತಿಳಿಸಿದರೆ ವಾಪಸು ಕಳುಹಿಸುತ್ತಾರೆಂಬ ಭಯ ಆತನಿಗಿತ್ತು. ಮೂರು ಸರಳ ಇಟಾಲಿಯನ್ ವಾಕ್ಯಗಳನ್ನು ಬರೆದುಕೊಂಡು ಹೋಗಿ ಹೇಳಿದ. ಅವರು ತರಗತಿಯ ಹೊರಗೆ ಒಬ್ಬ ಹಿರಿಯರಿಂದ ಹೆಚ್ಚಿನ ಪಾಠದ ಏರ್ಪಾಡು ಮಾಡಿದರು.

ಫೆಬ್ರವರಿಯ ಕೊನೆಯ ಭೇಟಿಯ ವೇಳೆಗೆ ಆತನ ನಿದ್ರೆ ಸರಿಯಾಗಿತ್ತು. ಊಟದ ಮೇಜಿನ ನಗು ಈಗಲೂ ಅರ್ಧದಷ್ಟು ಅರ್ಥವಾಗುವುದಿಲ್ಲ ಎಂದ; ಅರ್ಥವಾಗದಾಗ ಏನೆಂದು ಕೇಳುತ್ತಾನೆ. ತಾಯಿ ಹತ್ತು ಗಂಟೆಗೆ ಮಲಗುತ್ತಾರೆ. ದೈವಕರೆಯ ಪ್ರಶ್ನೆಯನ್ನು ನಾವು ಇನ್ನೂ ಕೈಗೆತ್ತಿಕೊಂಡಿಲ್ಲ. ಅದನ್ನು ಪರೀಕ್ಷೆಯ ನಂತರದ, ಜೂನ್ ತಿಂಗಳ ಭೇಟಿಗೆ ಇಟ್ಟುಕೊಂಡಿದ್ದೇವೆ.