ಯೆರಿಕೋ ಗೋಡೆ, ಜೆಪ್ಪು ಹಂಚು

ಪ್ರಶ್ನೆ: ಬೈಬಲಿನಲ್ಲಿ ಯೆಹೋಶುವನ ಕಾಲದಲ್ಲಿ ಇಸ್ರೇಲರು ಸುತ್ತಿ ಕಹಳೆ ಊದಿದಾಗ ಬಿದ್ದಿತು ಎನ್ನುವ ಯೆರಿಕೋ ಊರಿನ ಗೋಡೆ ಅಗೆದಾಗ ಸಿಕ್ಕಿದೆ ಎಂದು ಸಣ್ಣವನಿದ್ದಾಗ ಸಂಡೇ ಸ್ಕೂಲಿನಲ್ಲಿ ಕೇಳಿದ್ದೆ. ಈಗ ಕಾಲೇಜಿಗೆ ಹೋಗುವ ಮಗಳು ಅದೆಲ್ಲ ಸುಳ್ಳು ಅಂತಾಳೆ. ಯಾರು ಸರಿ? ಈ ಅಗೆಯುವವರು ನಂಬಿಕೆ ಇದ್ದವರಾ, ಇಲ್ಲದವರಾ?
- ಓದುಗರೊಬ್ಬರು, ಬಲ್ಮಠ, ಮಂಗಳೂರು

ಉತ್ತರ: ನಿಮಗೆ ಹೇಳಿಕೊಟ್ಟವರು ಸುಳ್ಳು ಹೇಳಿದ್ದಲ್ಲ, ಅವರ ಸುದ್ದಿ ಸ್ವಲ್ಪ ಹಳೆಯದು ಅಷ್ಟೇ. 1930ರ ದಶಕದಲ್ಲಿ ಬ್ರಿಟಿಷ್ ಪುರಾತತ್ವಜ್ಞ ಜಾನ್ ಗಾರ್ಸ್ಟಾಂಗ್ ಪ್ಯಾಲೆಸ್ಟೀನಿನ ಯೆರಿಕೋದಲ್ಲಿ ಅಗೆದು, ಬಿದ್ದ ಗೋಡೆ ನೋಡಿ, ಇದು ಕ್ರಿ.ಪೂ. 1400ರ ಹೊತ್ತಿನದು, ಯೆಹೋಶುವನ ಕಾಲದ್ದೇ ಎಂದರು. ಊರೂರಿಗೆ ಹಬ್ಬಿದ್ದು ಆ ಮಾತು.

1952ರಿಂದ 1958ರವರೆಗೆ ಕ್ಯಾಥ್ಲೀನ್ ಕೆನ್ಯನ್ ಅದೇ ದಿಬ್ಬವನ್ನು ಮತ್ತೆ ಅಗೆದರು. ಅವರು ಗೋಡೆಗಿಂತ ಜಾಸ್ತಿ ನೋಡಿದ್ದು ಮಣ್ಣನ್ನು. ಆಳವಾದ ಕಣಿ ತೋಡಿ, ಅದರ ಬದಿಯನ್ನು ನೇರವಾಗಿ ಕೆತ್ತಿ, ಬೂದಿ ಎಲ್ಲಿ, ಕುಸಿದ ಮಣ್ಣಿನ ಇಟ್ಟಿಗೆ ಎಲ್ಲಿ, ಯಾವುದರ ಮೇಲೆ ಯಾವುದು ಬಿದ್ದಿದೆ ಎಂದು ಒಂದೊಂದು ಪದರವನ್ನೂ ಗುರುತು ಮಾಡಿದರು. ಹೈವೇ ಅಗಲ ಮಾಡುವಾಗ ನಮ್ಮಲ್ಲಿ ಗುಡ್ಡ ಕಡಿದ ಜಾಗ ನೋಡಿದ್ದೀರಲ್ವಾ? ಮೇಲೆ ಮಣ್ಣು, ಕೆಳಗೆ ಕೆಂಪುಕಲ್ಲು, ಅದರಡಿ ಮೆತ್ತನೆಯ ಶೇಡಿಮಣ್ಣು. ಹಾಗೆ ಓದುವುದು. ಗಾರ್ಸ್ಟಾಂಗ್ ತೋರಿಸಿದ ಗೋಡೆ ಅವರು ಹೇಳಿದ್ದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದು ಎಂದು ಗೊತ್ತಾಯಿತು. ಆಮೇಲಿನ ಊರು ಸುಟ್ಟುಹೋದದ್ದು ಕ್ರಿ.ಪೂ. 1550ರ ಸುಮಾರಿಗೆ, ಅಂದರೆ ಅದೂ ಯೆಹೋಶುವನಿಗಿಂತ ಮುಂಚೆ.

ಕಾಲ ಹೇಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತಾದದ್ದು ಮನೆಯ ನೆಲ ಒಡೆಸಿದಾಗ. ಅಡಿಯಲ್ಲಿ ಒಂದು ಬಾಸೆಲ್ ಮಿಶನ್ ಹಂಚಿನ ತುಂಡು, ಅದರಲ್ಲಿ 1865 ಎಂದು ಅಚ್ಚು. ಅಬ್ಬಾ, ನಮ್ಮ ಮನೆ ಅಷ್ಟು ಹಳೆಯದಾ ಎಂದು ಎರಡು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದೆ! ಆಮೇಲೆ ಗೊತ್ತಾಯಿತು, ಅದು ಮಂಗಳೂರಿನ ಜೆಪ್ಪುವಿನಲ್ಲಿ ಆ ಮಿಶನ್ನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ಆ ತುಂಡು ಹೇಳುವುದು ಇಷ್ಟೇ: ಈ ನೆಲ 1865ರ ನಂತರದ್ದು. ಹತ್ತು ವರ್ಷ ನಂತರವೋ, ಎಂಬತ್ತು ವರ್ಷ ನಂತರವೋ, ಅದು ಹೇಳುವುದಿಲ್ಲ. ಯೆರಿಕೋದಲ್ಲಿ ಹಂಚಿನ ಜಾಗದಲ್ಲಿ ಮಡಕೆ ಚೂರು, ಪದರದ ಕಾಲ ಹೇಳುವುದು ಅದನ್ನು ನೋಡಿ.

ಜಗಳ ಅಲ್ಲಿಗೇ ಮುಗಿಯಲಿಲ್ಲ ಅನ್ನಿ. 1990ರಲ್ಲಿ ಬ್ರಯಾಂಟ್ ವುಡ್ ಅದೇ ಚೂರುಗಳನ್ನು ಹಿಡಿದು, ಇಲ್ಲ, ಊರು ಸುಟ್ಟದ್ದು ಕ್ರಿ.ಪೂ. 1400ರ ಹೊತ್ತಿಗೇ ಎಂದು ವಾದ ಮಾಡಿದರು. 1995ರಲ್ಲಿ ಅಲ್ಲಿಯ ಸುಟ್ಟ ಧಾನ್ಯ ಎಷ್ಟು ಹಳೆಯದು ಎಂದು ಹೇಳುವ ಕಾರ್ಬನ್ ಪರೀಕ್ಷೆಯ ಫಲಿತಾಂಶ ಬಂತು. ಅದು ಕೆನ್ಯನ್ ಕಡೆಗೇ ವಾಲಿತು.

ಇನ್ನು ನಂಬಿಕೆ. ಕೆನ್ಯನ್ ಅವರ ತಂದೆ ಬೈಬಲಿನ ಹಳೆಯ ಹಸ್ತಪ್ರತಿಗಳ ದೊಡ್ಡ ವಿದ್ವಾಂಸರು, ಬ್ರಿಟಿಷ್ ಮ್ಯೂಸಿಯಂ ನಡೆಸಿದವರು. ಅಂಥ ಮನೆಯ ಮಗಳೇ ಗೋಡೆಯ ಬಗ್ಗೆ ಹೀಗೆ ಹೇಳಿದ್ದು. ಮೃತ ಸಮುದ್ರದ ಸುರುಳಿಗಳು ಸಿಕ್ಕಿದ ಕುಮ್ರಾನ್ ಅಗೆದ ರೋಲಾಂ ದ ವೋ ಡೊಮಿನಿಕನ್ ಪಾದ್ರಿ. ಯೆಹೋಶುವನ ಕಥೆಯಲ್ಲೇ ಬರುವ ಇನ್ನೊಂದು ಊರು ಹಾಜೋರ್ ಅಗೆದ ಯಿಗಾಯೆಲ್ ಯಾದಿನ್ ಇಸ್ರೇಲಿನ ಸೇನಾ ಮುಖ್ಯಸ್ಥರಾಗಿದ್ದವರು. ಎಲ್ಲ ಥರದವರೂ ಇದ್ದಾರೆ. ನಾನಂತೂ ಅವರು ಭಾನುವಾರ ಎಲ್ಲಿ ಹೋಗುತ್ತಾರೆ ಎಂದು ಕೇಳುವುದಿಲ್ಲ, ಚೂರು ಯಾವ ಪದರದಲ್ಲಿ ಸಿಕ್ಕಿತು ಎಂದು ಕೇಳುತ್ತೇನೆ.

ಮಗಳಿಗೂ ಒಂದು ಮಾತು ಹೇಳಿ. ಬೈಬಲಿನ ದಾವೀದ ರಾಜ ಬರೀ ಕಥೆ ಎಂದು ಕೆಲವು ವಿದ್ವಾಂಸರು ಗಟ್ಟಿಯಾಗಿ ಹೇಳುತ್ತಿದ್ದ ಹೊತ್ತಿನಲ್ಲೇ, 1993ರಲ್ಲಿ ಇಸ್ರೇಲಿನ ತೆಲ್ ದಾನ್‌ನಲ್ಲಿ ಒಂದು ಗೋಡೆಗೆ ಸುಮ್ನೆ ಕಲ್ಲಿನ ಹಾಗೆ ಕಟ್ಟಿದ್ದ ಶಾಸನದ ತುಂಡು ಸಿಕ್ಕಿತು. ಅದರಲ್ಲಿ ಶತ್ರು ರಾಜನೊಬ್ಬ 'ದಾವೀದನ ಮನೆತನ' ಎಂದು ಬರೆಸಿದ್ದಾನೆ. ಕ್ರಿ.ಪೂ. 9ನೇ ಶತಮಾನದ್ದು. 'ಎಲ್ಲ ಸುಳ್ಳು' ಅನ್ನುವುದಕ್ಕೂ ಪದರ ನೋಡಬೇಕು.

ಪ್ರಶ್ನೆ: ಈ ಹುಡುಕಾಟದಲ್ಲಿ ನಮ್ಮ ಕರಾವಳಿಗೆ ಏನಾದರೂ ಪಾಲು ಇದೆಯಾ?
- ಮಲ್ಪೆಯಿಂದ

ಉತ್ತರ: ನೇರವಾಗಿ ಇಲ್ಲ. ಆದರೆ ಒಂದು ಮಜಾ ಇದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಇಂಗ್ಲಿಷ್ ವಿದ್ವಾಂಸರಾದ ಗ್ರೆನ್‌ಫೆಲ್ ಮತ್ತು ಹಂಟ್ ಅಗೆದದ್ದು ಹಳೇ ಕಸದ ರಾಶಿ. ಯೇಸುವಿನ ಮಾತುಗಳಿರುವ ಹಾಳೆ ಸಿಕ್ಕಿದ್ದು ಅಲ್ಲೇ, 1897ರಲ್ಲಿ ಅಚ್ಚಾಯಿತು. ಅದೇ ಊರಿನ ಕಸದಲ್ಲಿ ಭಾರತದ ಕಡಲತೀರದಲ್ಲಿ ನಡೆಯುವ ಒಂದು ಗ್ರೀಕ್ ಪ್ರಹಸನವೂ ಇತ್ತು, 1903ರಲ್ಲಿ ಪ್ರಕಟವಾಯಿತು. ಅದರಲ್ಲಿ ಅರ್ಥವಾಗದ ಮಾತು ಆಡುವ ಪಾತ್ರಗಳಿವೆ. ಮರುವರ್ಷವೇ ಹುಲ್ಟ್ಸ್ ಎಂಬ ಜರ್ಮನ್ ಶಾಸನತಜ್ಞ ಅದು ಕನ್ನಡ ಇರಬಹುದು ಎಂದರು. ನಮ್ಮ ಮಂಜೇಶ್ವರ ಗೋವಿಂದ ಪೈಗಳೂ ಅದರ ಬೆನ್ನು ಬಿದ್ದರು. ಒಪ್ಪದವರು ಈಗಲೂ ಬಹಳ ಮಂದಿ, ಅದು ಸುಮ್ನೆ ನಗಿಸಲು ಬರೆದ ತೊದಲು ಮಾತು ಎನ್ನುತ್ತಾರೆ. ನನಗೆ ಕನ್ನಡ ಅಂತಲೇ ಆಗಲಿ ಎಂದು ಆಸೆ, ಆದರೆ 1865ರ ಹಂಚು ನೆನಪಾಗಿ ಸುಮ್ಮನಿದ್ದೇನೆ.