ಅಂಗಳದಲ್ಲಿ ಎಸೆದಾಡೋಕೆ ಯಾವ ಆಟ? ಆಲ್ದೂರಿನ ಅಣ್ಣನವರ ಪ್ರಶ್ನೆಗೆ

ಅಣ್ಣ, ಭಾನುವಾರ ಮನೆಗೆ ಗೆಳೆಯರು ಸೇರುತ್ತಾರೆ, ಹತ್ತು ವರ್ಷದ ಮಗನಿಂದ ಹಿಡಿದು ನಿಮ್ಮ ತಂದೆಯವರವರೆಗೆ ಎಲ್ಲರೂ ಒಟ್ಟಿಗೆ ಆಡುವಂಥ ಆಟ ಬೇಕು, ಆನ್‌ಲೈನ್‌ನಲ್ಲಿ ಸಿಗುವ ಕಾರ್ನ್‌ಹೋಲ್ ಸೆಟ್ ತರಿಸಲಾ ಅಂತ ಕೇಳಿದ್ದೀರಿ. ಎದುರಿಗೆ ಓರೆಯಾಗಿಟ್ಟ ಹಲಗೆಯ ರಂಧ್ರಕ್ಕೆ ಜೋಳ ತುಂಬಿದ ಸಣ್ಣ ಚೀಲಗಳನ್ನು ಎಸೆಯುವ ಈ ಆಟ ನಿಮ್ಮ ಮನೆಗೆ ಹೇಳಿ ಮಾಡಿಸಿದ ಹಾಗಿದೆ. ಸೆಟ್ ಮಾತ್ರ ತರಿಸಬೇಡಿ, ಊರಿನ ಬಡಗಿ ಕೈಲೇ ಮಾಡಿಸಿ.

ನಿಮ್ಮ ಪ್ರಶ್ನೆಗೆ ಉತ್ತರ ಬರೆದವರಲ್ಲಿ ಕೆಲವರು ಲಗೋರಿ, ಫ್ರಿಸ್ಬಿ ಅಂದಿದ್ದಾರೆ. ಲಗೋರಿ ನನಗೂ ಪ್ರಾಣ. ಆದರೆ ಅದರಲ್ಲಿ ಓಡಬೇಕು, ಚೆಂಡಿನ ಏಟು ತಪ್ಪಿಸಿಕೊಳ್ಳಬೇಕು, ಹಿರಿಯರು ಪಕ್ಕದಲ್ಲಿ ಕೂತು ನೋಡುವುದೇ ಆಗುತ್ತದೆ. ಫ್ರಿಸ್ಬಿಗೆ ಬಯಲು ಬೇಕು. ತೋಟದ ಅಂಚಿನ ಅಂಗಳದಲ್ಲಿ ಸ್ವಲ್ಪ ಗಾಳಿ ಬೀಸಿದರೂ ಡಿಸ್ಕ್ ಹೋಗಿ ಕಾಫಿ ಗಿಡಗಳ ಮಧ್ಯೆ ಬೀಳುತ್ತದೆ. ಇನ್ನು ಮೊನೆಯಿರುವ ದೊಡ್ಡ ಬಾಣಗಳನ್ನು ಹುಲ್ಲಿನ ಮೇಲಿಟ್ಟ ಬಳೆಯೊಳಗೆ ಎಸೆಯುವ ಆಟ ಅಂತ ಒಬ್ಬರು ಬರೆದಿದ್ದಾರೆ. ದಯವಿಟ್ಟು ಅದು ಬೇಡ. ಮಕ್ಕಳ ತಲೆಗೆ ಚುಚ್ಚಿ ಸಾವುಗಳಾದ ಮೇಲೆ ಅಮೆರಿಕದಲ್ಲಿ 1988ರಲ್ಲೇ ಅದರ ಮಾರಾಟ ನಿಷೇಧಿಸಿದರು.

ಹಲಗೆಯ ಅಳತೆ ಬರೆದುಕೊಳ್ಳಿ. ಉದ್ದ 4 ಅಡಿ, ಅಗಲ 2 ಅಡಿ. ರಂಧ್ರದ ವ್ಯಾಸ 6 ಇಂಚು. ಅದರ ನಡುಬಿಂದು ಮೇಲಿನ ಅಂಚಿನಿಂದ 9 ಇಂಚು ಕೆಳಗೆ, ಎರಡೂ ಪಕ್ಕದಿಂದ 12 ಇಂಚು ಒಳಗೆ. ಹಿಂಭಾಗ ನೆಲದಿಂದ 12 ಇಂಚು ಎತ್ತರ, ಮುಂಭಾಗ 3 ಇಂಚಿನಷ್ಟು. 8x4ರ ಒಂದು ಪ್ಲೈವುಡ್ ಶೀಟಿನಲ್ಲಿ ನಾಲ್ಕು ಹಲಗೆ ಬರುತ್ತವೆ, ಆಟಕ್ಕೆ ಬೇಕಿರುವುದು ಎರಡು. ಉಳಿದೆರಡನ್ನು ಪಕ್ಕದ ಮನೆಯವರಿಗೆ ಕೊಟ್ಟರೆ ಖರ್ಚೂ ಹಂಚಿಹೋಗುತ್ತದೆ. 12 ಎಂಎಂ ಪ್ಲೈ ಸಾಕು, ಆದರೆ ಕೆಳಗೆ ನಡುವೆ ಅಡ್ಡಪಟ್ಟಿ ಹೊಡೆಸಲೇಬೇಕು. ಇಲ್ಲದಿದ್ದರೆ ಚೀಲ ಬಿದ್ದ ಕೂಡಲೇ ಪುಟಿದು ಹೊರಗೆ ಹೋಗುತ್ತದೆ. ಮೇಲ್ಮೈಯನ್ನು ನುಣ್ಣಗೆ ಉಜ್ಜಿಸಿ ವಾರ್ನಿಷ್ ಹಾಕಿಸಿ, ಆಟದ ಸೊಗಸೆಲ್ಲ ಚೀಲ ಜಾರುವುದರಲ್ಲೇ ಇರುವುದು.

ಚೀಲದ ವಿಷಯಕ್ಕೆ ಹೆಚ್ಚು ಗಮನ ಕೊಡಿ, ಆಟ ಕೆಡುವುದು ಅಲ್ಲೇ. ಎರಡು ಬಣ್ಣ, ಬಣ್ಣಕ್ಕೆ ನಾಲ್ಕರಂತೆ ಎಂಟು ಚೀಲ. ಹೊಲಿದ ಮೇಲೆ 6 ಇಂಚು ಚೌಕ ಇರಬೇಕು, ಹಾಗಾಗಿ ಬಟ್ಟೆಯನ್ನು 7 ಇಂಚಿಗೆ ಕತ್ತರಿಸಿ ಎರಡು ಸಲ ಹೊಲಿಗೆ ಹಾಕಿಸಿ. ಕ್ಯಾನ್ವಾಸ್ ಇಲ್ಲದಿದ್ದರೆ ಹಳೇ ಜೀನ್ಸ್ ಆಗುತ್ತದೆ. ಕಾಫಿ ಗೋಣಿಚೀಲದ ಬಟ್ಟೆ ಒರಟು, ಜಾರುವುದಿಲ್ಲ. ಒಳಗೆ ಒಣಗಿದ ಮುಸುಕಿನ ಜೋಳ, ಪ್ರತಿಯೊಂದೂ 450 ಗ್ರಾಂ ಆಸುಪಾಸು ಬರುವಂತೆ ತೂಗಿ ತುಂಬಿ. ಮರಳು ಬೇಡ, ಅಷ್ಟೇ ತೂಕಕ್ಕೆ ಚೀಲ ಅರ್ಧವೂ ತುಂಬದೆ ಜೋಲುತ್ತದೆ, ಹೊಲಿಗೆಯಿಂದ ಸೋರುತ್ತದೆ ಕೂಡ. ಕಲ್ಲಂತೂ ಹಾಕಲೇಬೇಡಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಜೋಳ ಬೂಸ್ಟು ಹಿಡಿಯುತ್ತದೆ, ಇಲಿಯೂ ಬಿಡುವುದಿಲ್ಲ. ಅದಕ್ಕೇ ಒಂದು ಬದಿಯನ್ನು ಬಿಚ್ಚಲು ಬರುವಂತೆ ಕೈಹೊಲಿಗೆ ಹಾಕಿ, ಜೂನ್ ಹಿಡಿಯುವ ಮುಂಚೆ ಖಾಲಿ ಮಾಡಿ. ಜೋಳ ಚೆನ್ನಾಗಿದ್ದರೆ ಕೋಳಿಗೆ ಹಾಕಿ. ಬೂಸ್ಟು ವಾಸನೆ ಬಂದಿದ್ದರೆ ಅವಕ್ಕೂ ಬೇಡ, ಅದರಲ್ಲಿ ವಿಷವಿರಬಹುದು.

ಎರಡು ಹಲಗೆಗಳ ಮುಂಭಾಗದ ಅಂಚುಗಳ ನಡುವೆ 27 ಅಡಿ ಬಿಡಬೇಕು. ನಿಮ್ಮ ಕಾಫಿ ಕಣದಲ್ಲಿ ಧಾರಾಳವಾಗಿ ಆಗುತ್ತದೆ. ಮಗ ಎಸೆಯುವಾಗ 21 ಅಡಿಗೆ ಬಂದು ನಿಲ್ಲಲಿ, ಇಲ್ಲದಿದ್ದರೆ ಒಂದೂ ತಲುಪದೆ ಬೇಜಾರು ಮಾಡಿಕೊಳ್ಳುತ್ತಾನೆ. ನಾಲ್ಕು ಜನ ಆಡುವಾಗ ಜೊತೆಗಾರರು ಎದುರುಬದುರು ಹಲಗೆಗಳ ಪಕ್ಕ ನಿಲ್ಲುತ್ತಾರೆ, ಯಾರೂ ಆಚೆ ಈಚೆ ನಡೆಯಬೇಕಿಲ್ಲ. ನಿಮ್ಮ ತಂದೆಯವರು ಕುರ್ಚಿಯಲ್ಲಿ ಕೂತೇ ಎಸೆಯಬಹುದು; ಅವರ ತುದಿಯಲ್ಲಿ ಚೀಲ ಎತ್ತಿಕೊಡಲು ಒಬ್ಬ ಹುಡುಗ ಇದ್ದರೆ ಸಾಕು. ಈ ಆಟವೇ ಸರಿ ಅಂತ ನಾನು ಒತ್ತಿ ಹೇಳುತ್ತಿರುವುದು ಇದೇ ಕಾರಣಕ್ಕೆ.

ಎರಡೂ ಕಡೆಯವರು ಒಂದೊಂದೇ ಚೀಲವನ್ನು ಸರದಿಯಲ್ಲಿ ಎಸೆಯಬೇಕು. ರಂಧ್ರಕ್ಕೆ ಬಿದ್ದರೆ 3, ಹಲಗೆ ಮೇಲೆ ನಿಂತರೆ 1. ಎಂಟೂ ಮುಗಿದ ಮೇಲೆ ಹೆಚ್ಚಿನದರಲ್ಲಿ ಕಡಿಮೆಯದನ್ನು ಕಳೆಯಿರಿ: ನಿಮಗೆ 4, ಅವರಿಗೆ 2 ಬಂದಿದ್ದರೆ ನಿಮ್ಮ ಲೆಕ್ಕಕ್ಕೆ 2 ಮಾತ್ರ. ಮೊದಲು 21 ಮುಟ್ಟಿದವರು ಗೆದ್ದಂತೆ. ಕೈ ಕೆಳಗಿನಿಂದ ಬರಲಿ, ಚೀಲ ತಟ್ಟೆಯಂತೆ ಮಟ್ಟಸವಾಗಿ ತಿರುಗುತ್ತಾ ಹೋಗಲಿ. ರಂಧ್ರಕ್ಕೇ ಗುರಿ ಇಡಬೇಡಿ. ಅದರ ಮುಂದೆ ಒಂದಡಿ ದೂರದಲ್ಲಿ ಬಿದ್ದರೆ ತಾನೇ ಜಾರಿ ಒಳಗೆ ಹೋಗುತ್ತದೆ.

ಕೊಯ್ಲು ಶುರುವಾಗಿ ಕಣದ ತುಂಬ ಕಾಫಿ ಹರಡಿದಾಗ ಏನು ಮಾಡುವುದು ಅಂತಲೂ ಕೇಳಿದ್ದೀರಿ. ಆಗ ತೋಟದ ಮಣ್ಣಿನ ದಾರಿಯಲ್ಲಿ ಪೆಟಾಂಕ್ ಆಡಿ. ಸಣ್ಣ ಮರದ ಚೆಂಡೊಂದನ್ನು 6ರಿಂದ 10 ಮೀಟರ್ ದೂರ ಎಸೆದು, ಅದರ ಹತ್ತಿರಕ್ಕೆ ಕಬ್ಬಿಣದ ಗುಂಡುಗಳನ್ನು ಹಾಕುವುದು, 13 ಅಂಕಕ್ಕೆ ಆಟ ಮುಗಿಯುತ್ತದೆ. ಸಂಧಿವಾತದಿಂದ ಓಡಲಾಗದ ಆಟಗಾರರೊಬ್ಬರಿಗಾಗಿ ಫ್ರಾನ್ಸಿನ ಲಾ ಸಿಯೋಟಾ ಊರಿನಲ್ಲಿ ಹುಟ್ಟಿದ ಆಟ ಅಂತಾರೆ, ಹಾಗಾಗಿ ಹಿರಿಯರಿಗೂ ಸೈ. ಗುಂಡು 650 ಗ್ರಾಂಗೆ ಕಡಿಮೆ ಇರುವುದಿಲ್ಲ, ಮಕ್ಕಳು ಎದುರಿಗೆ ನಿಲ್ಲದಂತೆ ನೋಡಿಕೊಳ್ಳಿ. ಸಿಮೆಂಟ್ ಕಣದಲ್ಲಿ ಮಾತ್ರ ಬೇಡ, ಚಕ್ಕೆ ಏಳುತ್ತದೆ.

ಇನ್ನೊಂದು, ಹಲಗೆಗಳನ್ನು ಉತ್ತರ ದಕ್ಷಿಣಕ್ಕೆ ಇಡಿ. ಪೂರ್ವ ಪಶ್ಚಿಮಕ್ಕೆ ಇಟ್ಟರೆ ಸಂಜೆ ಒಂದು ಕಡೆಯವರಿಗೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ.